ಅವರು ಹೇಳಿದರಷ್ಟೇ ನಮಗೆ ಗೊತ್ತು

'ಚೆಲುವಿನ ಚಿತ್ತಾರ' ತೆರೆಗೆ ಬಂದದ್ದು 2007ರಲ್ಲಿ. ಆಗ ಕಾಲೇಜು ಓದುತ್ತಿದ್ದು, ಗೆಳೆಯರ ಜೊತೆ ಹೋಗಿ ಆ ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಬಂದವರು ಈಗ ಹೈಸ್ಕೂಲು ಮಕ್ಕಳ ಅಪ್ಪ ಅಮ್ಮ. ಹುಡುಗ ಮೆಕ್ಯಾನಿಕ್ ಮಾದೇಶ, ಹುಡುಗಿ ಉಳ್ಳವರ ಮನೆಯ ಐಶ್ವರ್ಯ, ಇನ್ನೂ ಶಾಲೆಗೆ ಹೋಗುವವಳು. ಇಬ್ಬರೂ ಊರು ಬಿಟ್ಟು ಓಡುತ್ತಾರೆ, ಮನೆಯವರು ಹಿಡಿದು ತರುತ್ತಾರೆ, ಕೊನೆಗೆ ಹುಡುಗನ ಬುದ್ಧಿ ಸ್ವಾಧೀನ ತಪ್ಪುತ್ತದೆ. ನಿರ್ದೇಶಕ ಎಸ್. ನಾರಾಯಣ್ ಇದನ್ನು ತಮಿಳಿನ 'ಕಾದಲ್' (2004) ಚಿತ್ರದಿಂದ ಕನ್ನಡಕ್ಕೆ ತಂದರು. ಮರುವರ್ಷ ಅದೇ ಕಥೆ ಬಂಗಾಳಿಗೂ ಹೋಗಿ 'ಚಿರೋದಿನಿ ತುಮಿ ಜೆ ಆಮಾರ್' ಆಯಿತು, ಅಲ್ಲೂ ಭರ್ಜರಿಯಾಗಿ ಓಡಿತು. ತೆಲುಗಿಗೆ 'ಪ್ರೇಮಿಸ್ತೇ' ಎಂದು ಡಬ್ ಆಗಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವವರು ಬಹಳ ಇರುವ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದಂಥ ಊರಿನಲ್ಲಿ ಈ ಕಥೆಯನ್ನು ಎರಡು ಭಾಷೆಗಳಲ್ಲೂ ನೋಡಿದವರು ಸಿಗುತ್ತಾರೆ.

"ಆ ಸಿನಿಮಾ ನೋಡಿ ಹುಡುಗೀ ಅಪ್ಪನ್ನ ಬೈಕೊಂಡು ಬಂದಿದ್ವಿ ಸಾರ್. ಈಗ ನೋಡಿದ್ರೆ ಆ ಅಪ್ಪ ನಾನೇ ಆಗಿದೀನಿ." ಹದಿಹರೆಯದವರ ಆಪ್ತಸಮಾಲೋಚನೆಯಲ್ಲಿ ಇಂಥ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಇಂಥ ಸಿನಿಮಾ ನೋಡಿಯೇ ಅಲ್ಲವೇ ಮಕ್ಕಳು ಹಾಳಾಗುವುದು?

ಸಿನಿಮಾ ಆಸೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಆಸೆ ಹೇಗೆ ನಡೆದುಕೊಳ್ಳಬೇಕು ಎನ್ನುವುದನ್ನು ಮಾತ್ರ ಹೇಳಿಕೊಡುತ್ತದೆ. ಮನೆಯವರು ಒಪ್ಪದಿದ್ದರೆ ಬಸ್ಸು ಹತ್ತಬೇಕು, ಗೆಳೆಯನೊಬ್ಬ ರೂಮು ಕೊಡುತ್ತಾನೆ, ತಾಳಿ ಕಟ್ಟಿದರೆ ಎಲ್ಲ ಮುಗಿಯಿತು ಎಂಬ ದಾರಿಯನ್ನು ಮಗು ಅಲ್ಲಿಂದ ಕಲಿಯುತ್ತದೆ. ಬೇರೆ ದಾರಿಯನ್ನು ಮನೆಯಲ್ಲಿ ಯಾರೂ ಹೇಳಿಕೊಟ್ಟಿರದಿದ್ದರೆ ಕೈಗೆ ಸಿಗುವುದು ಅದೊಂದೇ. ಹಾಗಾಗಿ ಸಿನಿಮಾವನ್ನು ಒಂದು ಪಕ್ಕಕ್ಕಿಟ್ಟು, ಆ ಆಸೆಯ ಹಿಂದೆ ಏನಿದೆ ಎಂದು ಮೊದಲು ನೋಡೋಣ.

ಹದಿನಾಲ್ಕು, ಹದಿನೈದರ ಹೊತ್ತಿಗೆ ಮಿದುಳಿನಲ್ಲಿ ಎರಡು ಕೆಲಸ ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುತ್ತವೆ. ಸುಖ, ಉತ್ಸಾಹ, ಮೆಚ್ಚುಗೆಗೆ ಸ್ಪಂದಿಸುವ ಭಾಗಗಳು ಬೇಗ ಚುರುಕಾಗುತ್ತವೆ. ಹಣೆಯ ಹಿಂದಿರುವ, ಮುಂದಾಲೋಚನೆಗೂ ಮನಸ್ಸಿನ ಹಿಡಿತಕ್ಕೂ ಬೇಕಾದ ಭಾಗ, ಅಂದರೆ ಪ್ರಿಫ್ರಂಟಲ್ ಕಾರ್ಟೆಕ್ಸ್, ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು. ಹಾಗೆಂದು ಈ ವಯಸ್ಸಿನವರಿಗೆ ಬುದ್ಧಿಯೇ ಇಲ್ಲ ಎಂದುಕೊಳ್ಳಬೇಡಿ. ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಮಾಡಿದ ಕೆಲಸದಿಂದ ತಿಳಿದದ್ದು ಇದು: ಮನಸ್ಸು ತಣ್ಣಗಿರುವಾಗ, ಯೋಚಿಸಲು ಸಮಯವಿರುವಾಗ, ಹದಿನಾರರವರು ಹೆಚ್ಚುಕಡಿಮೆ ದೊಡ್ಡವರಂತೆಯೇ ವಿವೇಚಿಸಬಲ್ಲರು. ಸಿಟ್ಟು, ಭಯ, ಮೋಹ ಇದ್ದಾಗ, ಓರಗೆಯವರು ನೋಡುತ್ತಿರುವಾಗ ಆ ವಿವೇಚನೆ ಕೈಕೊಡುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮಗಳ ಜೊತೆ ಯಾವಾಗ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅರ್ಧ ತಿಳಿದಂತೆ. ಮೊಬೈಲಿನಲ್ಲಿ ಮೆಸೇಜು ಸಿಕ್ಕಿದ ರಾತ್ರಿ ಹನ್ನೊಂದು ಗಂಟೆ ಖಂಡಿತ ಮಾತಿನ ಹೊತ್ತಲ್ಲ.

ಎಲ್ಲವನ್ನೂ ಹಾರ್ಮೋನಿನ ಮೇಲೆ ಹಾಕುವುದು ನಮಗೆ ಅನುಕೂಲ. ನಮ್ಮ ಪಾಲು ಅದರಲ್ಲಿ ಇರುವುದಿಲ್ಲವಲ್ಲ! ಆದರೆ ಇಂಥ ಮಕ್ಕಳ ಜೊತೆ ಸಾವಧಾನದಿಂದ ಕೂತರೆ ಬರುವ ಮಾತು ದೇಹದ್ದಲ್ಲ. "ನಾನು ಹೇಳೋದನ್ನ ಅವನು ಕೇಳಿಸ್ಕೋತಾನೆ." "ನಾನು ಅಳ್ತಿದೀನಿ ಅಂತ ಅವನಿಗೆ ಗೊತ್ತಾಯ್ತು." ಮನೆಯಲ್ಲಿ ಊಟ, ಬಟ್ಟೆ, ಟ್ಯೂಷನ್ ಫೀಸು ಯಾವುದಕ್ಕೂ ಕೊರತೆಯಿಲ್ಲ. ಆದರೆ ಅವಳ ಜೊತೆ ನಡೆಯುವ ಮಾತೆಲ್ಲ ಊಟ, ಬಟ್ಟೆ, ಮಾರ್ಕ್ಸು ಇಷ್ಟರಲ್ಲೇ ಮುಗಿಯುತ್ತದೆ.

ಅಂತಸ್ತು ಬೇರೆಯಾದವರ ನಡುವೆಯೇ ಈ ಸೆಳೆತ ಏಕೆ ಎಂದು ಪೋಷಕರು ಬೆರಗಾಗುತ್ತಾರೆ. ನಿಜಕ್ಕೂ ಬೆರಗಾಗುವಂಥದ್ದೇನಿಲ್ಲ. ಉಳ್ಳವರ ಮನೆಯ ಹುಡುಗಿಗೆ ಎಲ್ಲ ಸಿಗುತ್ತದೆ, ತೀರ್ಮಾನ ಮಾತ್ರ ಸಿಗುವುದಿಲ್ಲ. ಯಾವ ಕಾಲೇಜು, ಸೈನ್ಸೋ ಕಾಮರ್ಸೋ, ಯಾರ ಮನೆಯ ಮದುವೆಗೆ ಯಾವ ಸೀರೆ, ಎಲ್ಲವನ್ನೂ ಬೇರೆಯವರು ನಿರ್ಧರಿಸಿರುತ್ತಾರೆ. ಇತ್ತ ಗ್ಯಾರೇಜಿನ ಹುಡುಗ ಹತ್ತೊಂಬತ್ತಕ್ಕೇ ಸ್ವಂತ ದುಡಿಮೆಯವನು. ಕೆಟ್ಟು ನಿಂತ ಸ್ಕೂಟಿಯ ಪ್ಲಗ್ಗು ಬಿಚ್ಚಿ, ಉಜ್ಜಿ, ಹಾಕಿ, ಒಂದೇ ಕಿಕ್‌ಗೆ ಸ್ಟಾರ್ಟ್ ಮಾಡಿ ಕೊಡುತ್ತಾನೆ. ಅವಳ ಕಣ್ಣಿಗೆ ಅವನು ಯಾರನ್ನೂ ಕೇಳದೆ ಬದುಕುವ ಗಂಡಸಾಗಿ ಕಾಣುತ್ತಾನೆ. ಅವನ ಕಡೆಯಿಂದ ನೋಡಿ: ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವನು ಎಂಬ ಹಣೆಪಟ್ಟಿ ಹೊತ್ತವನನ್ನು, ದೊಡ್ಡ ಮನೆಯ ಹುಡುಗಿಯೊಬ್ಬಳು ಮೊದಲ ಸಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾಳೆ. ಇಬ್ಬರಿಗೂ ಸಿಕ್ಕಿದ್ದು ಮನ್ನಣೆ. ಆ ಮನ್ನಣೆ ಬೇರೆ ಕಡೆಯಿಂದಲೂ ಸಿಗುವಂತಾದರೆ ಈ ಸಂಬಂಧದ ಮೇಲೆ ಬಿದ್ದಿರುವ ಭಾರ ತಾನೇ ಇಳಿಯುತ್ತದೆ.

ಶ್ರೀನಿವಾಸಪುರದ್ದೇ ಆದ ಇನ್ನೊಂದು ಕಾರಣವನ್ನೂ ಹೇಳಬೇಕು. ಮಾವಿನ ಸೀಮೆ ಇದು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿ ಕೂರುವ ಹೊತ್ತಿಗೆ ತೋಟದಲ್ಲಿ ಕಾವಲು, ಆಮೇಲೆ ಕೀಳುವುದು, ಮಂಡಿ, ಲೋಡಿಂಗು. ಬಾದಾಮಿ, ಬೇನಿಶಾ ಮುಗಿದರೆ ತೋತಾಪುರಿ, ಚಿತ್ತೂರು ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುವ ಲಾರಿಗಳು. ಜೂನ್ ದಾಟುವವರೆಗೂ ಅಪ್ಪ ಮನೆಗೆ ಬರುವುದು ರಾತ್ರಿ ಎಷ್ಟೋ ಹೊತ್ತಿಗೆ, ಬಂದರೂ ಕಿವಿಯಲ್ಲಿ ಫೋನು. ಮಕ್ಕಳಿಗೆ ವರ್ಷದಲ್ಲೇ ಅತಿ ಹೆಚ್ಚು ಬಿಡುವಿರುವ ಮತ್ತು ದೊಡ್ಡವರಿಗೆ ಅತಿ ಕಡಿಮೆ ಬಿಡುವಿರುವ ತಿಂಗಳುಗಳು ಒಂದೇ. ಫಲಿತಾಂಶದ ಆತಂಕವೂ ಆಗಲೇ. ಅಂಥ ಮಧ್ಯಾಹ್ನಗಳಲ್ಲಿ ಮಗಳ ಜೊತೆಗಿರುವುದು ಮೊಬೈಲು, ಮೊಬೈಲಿನ ಆಚೆ ಒಬ್ಬ ಹುಡುಗ. ಸುಗ್ಗಿಯನ್ನು ಬಿಡಿ ಎಂದು ಯಾರೂ ಹೇಳಲಾರರು, ವರ್ಷದ ಅನ್ನ ಅದರಲ್ಲಿದೆ. ಆದರೆ ಮಂಡಿಯ ಲೆಕ್ಕ ಬರೆಯಲು ಹದಿನಾರರ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಬಹುದು. ಎಷ್ಟೋ ಮನೆಗಳಲ್ಲಿ ಮಗನನ್ನು ಕರೆದೊಯ್ಯುತ್ತಾರೆ, ಮಗಳಿಗೆ ಆ ಲೆಕ್ಕದ ಪುಸ್ತಕ ಕಣ್ಣಿಗೂ ಬಿದ್ದಿರುವುದಿಲ್ಲ. ಅಪ್ಪನ ದುಡ್ಡು ಹೇಗೆ ಬರುತ್ತದೆ, ಒಂದು ಆಲಿಕಲ್ಲು ಮಳೆಗೆ ಎಷ್ಟು ಹೋಗುತ್ತದೆ ಎಂದು ನೋಡಿದ ಹುಡುಗಿಗೆ ಹಣದ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಈಗ ನಾವು ಮಾಡುವ ಉಪಾಯಗಳಿಗೆ ಬರೋಣ. ವಿಷಯ ತಿಳಿದ ತಕ್ಷಣ ನಡೆಯುವುದು ಬಹುತೇಕ ಒಂದೇ ಕ್ರಮ: ಫೋನು ಕಿತ್ತುಕೊಳ್ಳುವುದು, ಎರಡೇಟು, ಕಾಲೇಜು ಬಿಡಿಸುವುದು, ಮದನಪಲ್ಲಿಯಲ್ಲೋ ಚಿಂತಾಮಣಿಯಲ್ಲೋ ಇರುವ ದೊಡ್ಡಮ್ಮನ ಮನೆಗೆ ಕಳಿಸುವುದು. ಇದರ ಹಿಂದಿರುವುದು ಮಗಳ ಮೇಲಿನ ಪ್ರೀತಿ, ಅವಳಿಗೆ ಏನಾದರೂ ಆದೀತೆಂಬ ಭಯ. ಅದರಲ್ಲಿ ಅನುಮಾನವಿಲ್ಲ. ಕೇಳಬೇಕಾದದ್ದು ಇದರಿಂದ ಆಗಬೇಕಾದ ಕೆಲಸ ಆಗುತ್ತದೆಯೇ ಎಂಬುದಷ್ಟೆ.

ಸ್ವೀಡನ್ನಿನಲ್ಲಿ ಹೊಕಾನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಸಂಶೋಧಕರು ಹದಿನಾಲ್ಕು ವರ್ಷದ 703 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ವಿಚಾರಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಗು ಎಲ್ಲಿ ಹೋಗುತ್ತದೆ, ಯಾರ ಜೊತೆ ಇರುತ್ತದೆ ಎಂಬುದು ಪೋಷಕರಿಗೆ ಚೆನ್ನಾಗಿ ತಿಳಿದಿರುವ ಮನೆಗಳಲ್ಲಿ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂಬುದು ಮೊದಲೇ ಗೊತ್ತಿದ್ದ ಮಾತು. ಇವರು ಕೇಳಿದ್ದು, ಪೋಷಕರಿಗೆ ಅದು ತಿಳಿಯುವುದಾದರೂ ಹೇಗೆ ಎಂದು. ಕಾವಲು, ವಿಚಾರಣೆ, ನಿಯಮ ಇವುಗಳಿಂದ ತಿಳಿಯುವುದು ಕಡಿಮೆ. ಬಹುಪಾಲು ತಿಳಿಯುವುದು ಮಕ್ಕಳು ತಾವಾಗಿಯೇ ಹೇಳಿಕೊಂಡದ್ದರಿಂದ. ನಮ್ಮ ಊರುಗಳಲ್ಲಿ ಅಕ್ಕಪಕ್ಕದವರ ಕಣ್ಣು ಇನ್ನೂ ಇದೆ, ಸ್ವೀಡನ್ನಿನಂತಲ್ಲ. ಆದರೆ ಪಕ್ಕದ ಮನೆಯವರಿಗೆ ಕಾಣುವುದು ಬಸ್‌ಸ್ಟ್ಯಾಂಡಿನ ತನಕ. ಅದರಾಚೆಯದು ಮಗಳು ಹೇಳಿದರಷ್ಟೇ ಗೊತ್ತಾಗಬೇಕು. ಫೋನು ಕಿತ್ತುಕೊಂಡ ದಿನ ನಿಂತುಹೋಗುವುದು ಪ್ರೀತಿಯಲ್ಲ, ಈ ಹೇಳಿಕೊಳ್ಳುವಿಕೆ. ಇನ್ನೊಂದು ಫೋನು ಹೇಗೋ ಬರುತ್ತದೆ, ಗೆಳತಿಯದ್ದೋ, ಅವನೇ ಕೊಡಿಸಿದ್ದೋ. ಈ ಬಾರಿ ನಿಮಗೆ ಅದರ ಪಾಸ್‌ವರ್ಡ್ ಹೋಗಲಿ, ಅದು ಇರುವುದೂ ತಿಳಿದಿರುವುದಿಲ್ಲ.

ವಿರೋಧಿಸಿದಷ್ಟೂ ಪ್ರೀತಿ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೊಂದಿದೆ. 1972ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ರೋಮಿಯೋ ಜೂಲಿಯೆಟ್ ಪರಿಣಾಮ ಎಂದೇ ಹೆಸರಿಟ್ಟರು. 2014ರಲ್ಲಿ ಬೇರೆಯವರು ಮತ್ತೆ ಪರೀಕ್ಷಿಸಿದಾಗ ಅದು ಹಾಗೆ ಕಾಣಿಸಲಿಲ್ಲ. ಮನೆಯವರ ವಿರೋಧವಿದ್ದಲ್ಲಿ ಜೋಡಿಗಳ ನಡುವಿನ ನಂಬಿಕೆಯೂ ಬಾಂಧವ್ಯದ ಗುಣವೂ ಕುಂದಿದ್ದವು. ಇದು ಪೋಷಕರಿಗೆ ಗೆದ್ದ ಸುದ್ದಿಯೇನಲ್ಲ. ಸಂಬಂಧ ಒಳಗೊಳಗೇ ಸೊರಗುತ್ತಿದ್ದರೂ ಮಕ್ಕಳು ಅದನ್ನು ಬಿಟ್ಟು ಬರಲಾರರು, ಬಂದರೆ ಅಪ್ಪ ಹೇಳಿದ್ದೇ ಸರಿ ಎಂದು ಒಪ್ಪಿದಂತಾಗುತ್ತದೆ. ಯಾರೂ ಅಡ್ಡ ಬರದಿದ್ದರೆ ಹದಿನಾರರ ಪ್ರೀತಿಗಳು ಬಹಳಷ್ಟು ತಾವೇ ಮುಗಿಯುತ್ತವೆ: ಅವನು ಸಿಡುಕುತ್ತಾನೆ, ಅವಳಿಗೆ ಬೇಜಾರಾಗುತ್ತದೆ, ಹೊಸ ಕಾಲೇಜು, ಹೊಸ ಗೆಳತಿಯರು. ಹೊರಗೆ ಶತ್ರುವೊಬ್ಬ ನಿಂತಾಗ ಒಳಗಿನ ಬಿರುಕು ಕಾಣಲು ಪುರಸೊತ್ತಿರುವುದಿಲ್ಲ.

ಇನ್ನು ಆ ಸಿನಿಮಾದಲ್ಲಿ ಎಲ್ಲರೂ ನೋಡಿದ್ದು ಹಣದ ಅಂತರ. ನನಗೆ ಹೆಚ್ಚು ಕಾಡಿದ್ದು ವಯಸ್ಸಿನದು. ನಾಯಕಿಯಾಗಿ ಬಂದ ಅಮೂಲ್ಯ ಆಗಿನ್ನೂ ಶಾಲಾ ವಯಸ್ಸಿನವರು. ನಾಯಕ ಗಣೇಶ್ 'ಮುಂಗಾರು ಮಳೆ'ಯ ಹೆಸರು ಹೊತ್ತು ಬಂದ, ಚೆನ್ನಾಗಿ ಬೆಳೆದ ಗಂಡಸು. ತೆರೆಯ ಮೇಲೆ ಅದು ಯಾರ ಕಣ್ಣಿಗೂ ಕುಟುಕಲಿಲ್ಲ. ಮಗಳ ವಿಷಯ ತಿಳಿದಾಗ ಹುಡುಗನ ಮನೆಗೆ ಎಷ್ಟು ಎಕರೆ ಎಂದು ವಿಚಾರಿಸುವ ಮೊದಲು ಅವನ ವಯಸ್ಸೆಷ್ಟು ಎಂದು ಕೇಳಿ. ಹದಿನಾರರವಳೂ ಹದಿನೇಳರವನೂ ಕಾಲೇಜಿನ ಕಾರಿಡಾರಿನಲ್ಲಿ ಮಾತಾಡುವುದು ಒಂದು ಸಂಗತಿ. ಹದಿನೈದರವಳ ಹಿಂದೆ ಇಪ್ಪತ್ತೈದರವನು ಇರುವುದು ಪೂರ್ತಿ ಬೇರೆ ಸಂಗತಿ, ಅವನು ಎಷ್ಟೇ ಶ್ರೀಮಂತನಾಗಿರಲಿ, ನಿಮ್ಮದೇ ಜಾತಿಯವನಾಗಿರಲಿ. ಮೊದಲನೆಯದರಲ್ಲಿ ಮಾತು ಸಾಕು. ಎರಡನೆಯದರಲ್ಲಿ ಮಗಳಿಗೆ ರಕ್ಷಣೆ ಬೇಕು.

ಕಾನೂನೂ ವಯಸ್ಸನ್ನೇ ನೋಡುತ್ತದೆ. 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಹದಿನೆಂಟು ತುಂಬದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಲೈಂಗಿಕ ಸಂಪರ್ಕ ಸಾಬೀತಾದರೆ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹುಡುಗಿಗೆ ಹದಿನಾರು ತುಂಬಿರದಿದ್ದರೆ ಇಪ್ಪತ್ತು. ಇಬ್ಬರೂ ಇಷ್ಟಪಟ್ಟಿದ್ದರು ಎಂಬುದು ಅಲ್ಲಿ ಉಳಿಸುವುದಿಲ್ಲ. ಒಪ್ಪಿಗೆಯ ವಯಸ್ಸನ್ನು ಇಳಿಸಬೇಕೇ ಎಂದು ಪರಿಶೀಲಿಸಿದ ಕೇಂದ್ರದ ಕಾನೂನು ಆಯೋಗ 2023ರಲ್ಲಿ ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರೊಳಗಿನ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಲಯದ ವಿವೇಚನೆಗೆ ಬಿಡಬಹುದು ಎಂದಿತು. ಈ ವಿಚಾರ ಮಗನಿಗೂ ಮಗಳಿಗೂ ಸಮಾಧಾನವಾಗಿ, ಬೆದರಿಕೆಯಾಗದಂತೆ ಗೊತ್ತಿರಬೇಕು. ಹಾಗೆಯೇ ಪೋಷಕರೂ ಒಂದನ್ನು ತಿಳಿದಿರಬೇಕು. ಹುಡುಗನಿಗೆ ಬುದ್ಧಿ ಕಲಿಸಲು ಒಂದು ಕೇಸು ಹಾಕೋಣ ಎಂದು ಹೊರಟರೆ, ಹೇಳಿಕೆ, ವೈದ್ಯಕೀಯ ಪರೀಕ್ಷೆ, ಕೋರ್ಟು ಎಲ್ಲಕ್ಕೂ ನಿಮ್ಮ ಮಗಳೇ ಹೋಗಬೇಕು. ನಿಜವಾದ ದೌರ್ಜನ್ಯ ನಡೆದಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಸೇಡಿಗೆ ಅದನ್ನು ಬಳಸಿದರೆ ಪೆಟ್ಟು ಮನೆಯೊಳಕ್ಕೂ ಬೀಳುತ್ತದೆ.

ಬೇಗ ಮದುವೆ ಮಾಡಿ ಕೈತೊಳೆದುಕೊಳ್ಳುವ ಯೋಚನೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಸತ್ತಿಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡಿದ ಮಾವಿನಂತೆ ಅದು: ಮೇಲೆ ಬಣ್ಣ ಬರುತ್ತದೆ, ಒಳಗೆ ಕಾಯಿಯೇ. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬದ ಮದುವೆ ಅಪರಾಧ. ಕರ್ನಾಟಕವಂತೂ 2016ರ ತಿದ್ದುಪಡಿಯಿಂದ ಇಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧು ಎಂದಿದೆ, ಅಂದರೆ ಕಾನೂನಿನ ಕಣ್ಣಿನಲ್ಲಿ ಆ ಮದುವೆ ಆಗಿಯೇ ಇಲ್ಲ. ಮುಂದೆ ನಿಂತು ಮಾಡಿಸಿದ ಹಿರಿಯರೂ ಪುರೋಹಿತರೂ ಆರೋಪಿಗಳಾಗುತ್ತಾರೆ.

ಹದಿನೆಂಟು ದಾಟಿದ ಮೇಲೆ ಲೆಕ್ಕವೇ ಬೇರೆ. ಸಂಗಾತಿಯನ್ನು ಆರಿಸಿಕೊಳ್ಳುವುದು ವಯಸ್ಕರ ಹಕ್ಕು, ಅಲ್ಲಿ ಮನೆಯವರಿಗೂ ಪಂಚಾಯಿತಿಗೂ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ 2023ರ ಜೂನ್‌ನಲ್ಲಿ ಇದೇ ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಳೆಂದು ವಯಸ್ಸಿಗೆ ಬಂದ ಮಗಳು ತಂದೆಯ ಕೈಯಲ್ಲೇ ಸತ್ತಳು, ಹುಡುಗನೂ ಜೀವ ಕಳೆದುಕೊಂಡ ಎಂಬ ವರದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸಿನಿಮಾದ ಕೊನೆಗಿಂತ ಅದು ಕ್ರೂರ.

ಜಾತಿಯ ಮಾತು ಬಂದದ್ದರಿಂದ ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಅಂತಸ್ತಿನ ಬಗ್ಗೆ ಮಾತಾಡುವುದಿದ್ದರೆ ಅಂತಸ್ತಿನ ಬಗ್ಗೆಯೇ ಮಾತಾಡಿ. ಮನಸ್ಸಿನಲ್ಲಿ ಜಾತಿ ಇಟ್ಟುಕೊಂಡು ಬಾಯಲ್ಲಿ ಬಡತನ ಎಂದರೆ ಮಕ್ಕಳಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಆಮೇಲೆ ನೀವು ಹೇಳುವ ನ್ಯಾಯವಾದ ಮಾತೂ ನಾಟುವುದಿಲ್ಲ. ಹಣದ ವಿಷಯದಲ್ಲಿ ನ್ಯಾಯವಾದ ಮಾತು ಖಂಡಿತ ಇದೆ. ಬಾಡಿಗೆಗೆ ಎಷ್ಟು, ರೇಷನ್ನಿಗೆ ಎಷ್ಟು, ಹೆರಿಗೆಗೆ ಎಷ್ಟು, ಓದು ನಿಂತರೆ ಯಾವ ಕೆಲಸ ಸಿಗುತ್ತದೆ, ಇದನ್ನೆಲ್ಲ ಒಂದು ಭಾನುವಾರ ಮಗಳ ಕೈಗೇ ಪೆನ್ನು ಕೊಟ್ಟು ಬರೆಸಬಹುದು. "ಅವನ ಹತ್ರ ಏನಿದೆ?" ಎಂದು ಕೇಳಿದರೆ ಅವಳು ಅವನ ಪರ ವಕೀಲಳಾಗುತ್ತಾಳೆ. "ಇನ್ನು ಐದು ವರ್ಷಕ್ಕೆ ನೀನು ಏನಾಗಿರಬೇಕು ಅಂತಿದೀಯಮ್ಮಾ?" ಎಂದು ಕೇಳಿದರೆ ತನ್ನ ಬಗ್ಗೆ ಯೋಚಿಸಲು ತೊಡಗುತ್ತಾಳೆ. ಉತ್ತರಕ್ಕೆ ಕಾಯಿರಿ. ಮೊದಲ ದಿನ "ಗೊತ್ತಿಲ್ಲ" ಎನ್ನುತ್ತಾಳೆ, ಅದೂ ಉತ್ತರವೇ. ಎದುರುಬದುರು ಕೂತು ಕೇಳುವುದಕ್ಕಿಂತ ಬೈಕಿನಲ್ಲಿ ಹೋಗುವಾಗಲೋ ಹುಣಸೆ ಬೀಜ ಬಿಡಿಸುವಾಗಲೋ ಕೇಳಿದರೆ ಬಾಯಿ ಬೇಗ ಬಿಡುತ್ತದೆ, ಕಣ್ಣು ಕೂಡಿಸಬೇಕಾದ ಕಷ್ಟ ಅಲ್ಲಿಲ್ಲ.

ಹುಡುಗನ ತಂದೆತಾಯಿಗೆ ಯಾರೂ ಬರೆಯುವುದಿಲ್ಲ, ಅವರ ಭಯವೋ ಹೆಚ್ಚಿನದು. ಹೊಡೆತ ಮೊದಲು ಬೀಳುವುದು ಅವರ ಬಾಗಿಲಿಗೆ. "ದೊಡ್ಡೋರ ಸಹವಾಸ ನಮಗ್ಯಾಕಪ್ಪಾ" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಸುತ್ತಾರೆ. ಅದರಿಂದ ಮಗನಿಗೆ ಕೇಳಿಸುವುದು ನಾವು ಕೀಳು ಎಂಬುದು, ಅದನ್ನು ಸುಳ್ಳು ಮಾಡಲೆಂದೇ ಅವನು ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ಅವನಿಗೆ ಹೇಳಬೇಕಾದದ್ದು ಬೇರೆ: ಆ ಹುಡುಗಿ ಇನ್ನೂ ಮೈನರ್, ಅವಳ ಓದು ಕೆಡದಂತೆ ನೋಡುವುದು ನಿನ್ನ ಹೊಣೆ, ಅವಳೇ ಬಾ ಎಂದು ಕರೆದರೂ ಬಸ್ಸು ಹತ್ತಬೇಡ. ಎರಡು ಮನೆಯವರೂ ಒಂದು ಕಡೆ ಕೂತು ಶಾಂತವಾಗಿ ಮಾತಾಡಿಕೊಂಡರೆ ಬಹಳ ಕೇಡು ತಪ್ಪುತ್ತದೆ. ಊರ ನಾಲ್ಕು ಜನರನ್ನು ಕರೆಯದೆ ಮಾಡಿದರೆ ಇನ್ನೂ ಒಳ್ಳೆಯದು.

ಕೆಲವು ಸೂಚನೆಗಳನ್ನು ಮಾತ್ರ ಕಾಯದೆ ಗಮನಿಸಬೇಕು. ನಿದ್ದೆ, ಊಟ ಪೂರ್ತಿ ಕೆಟ್ಟಿರುವುದು, ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಬದುಕಿ ಏನು ಪ್ರಯೋಜನ ಎಂಬಂಥ ಮಾತು, ಫೋಟೋ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿರುವ ಅನುಮಾನ. ನಾಟಕ ಮಾಡುತ್ತಾಳೆ ಎಂದು ತಳ್ಳಿಹಾಕಬೇಡಿ. ಟೆಲಿಮಾನಸ್ ಎಂಬ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟರೊಳಗಿನ ಮಕ್ಕಳಿಗೆ ಅಪಾಯವಿದ್ದರೆ 1098.

ಮಗಳು ಹೋಗಿಯೇಬಿಟ್ಟು, ಎರಡು ದಿನದ ಮೇಲೆ ಮರಳಿ ಬಂದಿದ್ದರೆ? ಆ ರಾತ್ರಿ ಊಟ, ನಿದ್ದೆ, ಇಷ್ಟೇ. ಮೈಗೆ ಪೆಟ್ಟಾಗಿದೆಯೇ, ಭಯವಾಗಿದೆಯೇ ಎಂದು ಅಮ್ಮ ಒಬ್ಬಳೇ ಕೇಳಲಿ. ಚಿಕ್ಕಪ್ಪ, ಸೋದರಮಾವಂದಿರನ್ನು ಕರೆಸಿ ಹಾಲಿನಲ್ಲಿ ನಿಲ್ಲಿಸಿ ಕೇಳುವುದು ಬೇಡ. ವೈದ್ಯರ ಹತ್ತಿರ ಹೋಗಬೇಕಾದರೆ ತಡಮಾಡದೆ ಹೋಗಿ. ಮೈನರ್ ಪ್ರಕರಣವಾದರೆ ಪೊಲೀಸರಿಗೆ ತಿಳಿಸುವುದು ಅವರ ಕಾನೂನುಬದ್ಧ ಕರ್ತವ್ಯ ಎಂಬುದು ನಿಮಗೆ ಮೊದಲೇ ಗೊತ್ತಿರಲಿ, ಆದರೆ ಆ ಹೆದರಿಕೆಗೆ ಚಿಕಿತ್ಸೆ ತಪ್ಪಿಸಬೇಡಿ. ವಾರ ಕಳೆದ ಮೇಲೆ ಓದಿನ ಮಾತು ತೆಗೆಯಿರಿ. ಅದೇ ಕಾಲೇಜಿಗೆ ಹೋಗಲು ನಾಚಿಕೆಯಾದರೆ ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಬೇರೆ ಕಾಲೇಜು ನೋಡಬಹುದು, ಪರೀಕ್ಷೆ ತಪ್ಪಿದ್ದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಇದೆ. ಅರ್ಜಿ ಕೊಡುವ ದಿನ ಮಂಡಿಯ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿ ಅಪ್ಪನೇ ಜೊತೆಗೆ ಹೋಗಲಿ.